ಗುಜರಿಗೆ ಹಾಕುವ ಮುನ್ನ

ಆಯುಧಪೂಜೆ, ದೀಪಾವಳಿ ಸಮೀಪಿಸಿದಂತೆ ಅಂಗಡಿ ಹಾಗೂ ಕಾರ್ಖಾನೆಗಳ ಅಟ್ಟಗಳನ್ನು ಸ್ವಚ್ಛಗೊಳಿಸುವುದು ವಾಡಿಕೆ. ಗೆದ್ದಲು ಹಿಡಿದ ಕಿರ್ದಿ-ಖಾತೆ ಪುಸ್ತಕಗಳು, ಹಳೆಯ ಲೇಬಲ್ಲುಗಳು, ಕ್ಯಾಲೆಂಡರುಗಳು, ಹಿರಿಯರು ಮಳಿಗೆಯ ಮುಂದೆ ನಿಂತು ತೆಗೆಸಿಕೊಂಡ ಛಾಯಾಚಿತ್ರಗಳು, ಪರವೂರ ಗಿರಾಕಿಗಳು ಬರೆದ ಅಂಚೆ ಕಾರ್ಡುಗಳು ಆಗ ಗುಜರಿಯವನ ತಕ್ಕಡಿಗೇರುತ್ತವೆ. ದೊರೆಯುವುದು ಕೆಲವೇ ರೂಪಾಯಿ; ಕಳೆದುಹೋಗುವುದು ಊರಿನ ಚರಿತ್ರೆ ಮತ್ತು ಉದ್ದಿಮೆಯ ಹಕ್ಕಿನ ಆಧಾರ.

ಅರಸರ ಚರಿತ್ರೆಗೆ ಶಾಸನಗಳಿವೆ. ಪೇಟೆಬೀದಿಯ ಚರಿತ್ರೆಗೆ ಈ ಕಾಗದಗಳೇ ಶಾಸನಗಳು. 1879ರಲ್ಲಿ ಕಾಲಾಣೆ ಬೆಲೆಯಲ್ಲಿ ಆರಂಭವಾದ ಅಂಚೆ ಕಾರ್ಡು ವರ್ತಕರಿಗೆ ಒದಗಿದ ಅಗ್ಗದ ವ್ಯವಹಾರ ಸಾಧನ. ಯಾವ ಊರಿಗೆ ಯಾವ ಮಾಲು, ಯಾವ ದರದಲ್ಲಿ ಹೋಗುತ್ತಿತ್ತು ಎಂಬುದಕ್ಕೆ ಅದರ ನಾಲ್ಕು ಸಾಲುಗಳು ಸಾಕ್ಷಿ ನುಡಿಯುತ್ತವೆ.

ದಿನಾಂಕವಿಲ್ಲದ ಲೇಬಲ್ಲು, ಬಿಲ್ಲುಗಳ ಕಾಲನಿರ್ಣಯವೂ ಅಸಾಧ್ಯವೇನಲ್ಲ. ಬೆಲೆ ಆಣೆಯಲ್ಲಿದ್ದರೆ ಅದು ದಶಮಾಂಶ ನಾಣ್ಯಪದ್ಧತಿ ಬಂದ 1957ರ ಏಪ್ರಿಲ್‌ಗಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು. ಹುಬ್ಬಳ್ಳಿಯ ಬಿಲ್ಲಿನಲ್ಲಿ ಮುಂಬಯಿ ರಾಜ್ಯವೆಂದಿದ್ದರೆ ಅದು 1956ರ ಏಕೀಕರಣಕ್ಕೆ ಮೊದಲಿನ ಮುದ್ರಣ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ರಾಜ್ಯದ ಹೆಸರು ಕರ್ನಾಟಕವೆಂದಿದ್ದರೆ 1973ರ ನವೆಂಬರ್‌ನ ನಂತರದ್ದು.

ಆದರೆ ಎಚ್ಚರಿಕೆಯೂ ಅವಶ್ಯ. ಬಾಸೆಲ್ ಮಿಶನ್ ಹೆಂಚುಗಳ ಮೇಲೆ 1865 ಎಂದು ಅಚ್ಚೊತ್ತಿರುವುದುಂಟು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಆ ಹೆಂಚು ತಯಾರಾದ ವರ್ಷವಲ್ಲ. ಹಾಗೆಯೇ ಉಳಿದ ಹಳೆಯ ಮುದ್ರಿತ ಕಾಗದವನ್ನು ವರ್ಷಗಟ್ಟಲೆ ಬಳಸುವುದೂ ಅಂಗಡಿಗಳ ರೂಢಿ. ಒಂದು ವಸ್ತುವಿನ ಸಾಕ್ಷ್ಯವನ್ನು ಇನ್ನೊಂದರೊಡನೆ ತಾಳೆ ನೋಡದೆ ನಿರ್ಣಯಕ್ಕೆ ಬರಬಾರದು.

ಇದು ಕೇವಲ ಹವ್ಯಾಸದ ಮಾತಲ್ಲ. 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ವ್ಯಾಪಾರ ಚಿಹ್ನೆಗಳ ಕಾಯಿದೆಯ 34ನೆಯ ಕಲಮು, ನೋಂದಾಯಿತ ಮಾಲೀಕರ ಬಳಕೆ ಹಾಗೂ ನೋಂದಣಿ ಎರಡಕ್ಕಿಂತ ಮೊದಲೇ ಚಿಹ್ನೆಯನ್ನು ನಿರಂತರವಾಗಿ ಬಳಸುತ್ತ ಬಂದವರಿಗೆ ರಕ್ಷಣೆ ನೀಡುತ್ತದೆ. ಆದರೆ ಆ ಬಳಕೆಯನ್ನು ಸಾಬೀತುಪಡಿಸಬೇಕಾದುದು ದಾಖಲೆಗಳಿಂದ. ತಾತನ ಕಾಲದಿಂದ ಇದೆ ಎಂಬ ಬರಿಯ ಮಾತಿನಿಂದಲ್ಲ. ಅದೇ ದಿನ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯನ್ವಯ ಸಲ್ಲಿಸುವ ಅರ್ಜಿಗೂ ಮೂಲದ ಪುರಾವೆ, ಐತಿಹಾಸಿಕ ದಾಖಲೆಗಳು ಬೇಕು. ಚನ್ನಪಟ್ಟಣದ ಗೊಂಬೆಗಳು, ಇಳಕಲ್ ಸೀರೆ ಈ ಮಾನ್ಯತೆ ಪಡೆದಿವೆ. ಇನ್ನೂ ಪಡೆಯಬೇಕಾದ ಊರುಗಳ ಪುರಾವೆ ಅಟ್ಟಗಳ ಮೇಲೆಯೇ ಇರಬಹುದು.

ಮಾಡಬೇಕಾದ ಕೆಲಸ ದುಬಾರಿಯದಲ್ಲ. ಛಾಯಾಚಿತ್ರದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ವ್ಯಕ್ತಿ, ಸ್ಥಳಗಳ ಹೆಸರು ಬರೆದಿಡಬೇಕು. ಹಿರಿಯರು ಇರುವಾಗಲೇ ಕೇಳಬೇಕು. ಲ್ಯಾಮಿನೇಶನ್, ಅಂಟುಪಟ್ಟಿ ಸಲ್ಲದು. ವರ್ಷಕ್ಕೆ ಒಂದೆರಡರಂತೆ ಲೇಬಲ್ಲು, ಬಿಲ್ಲು, ಬೆಲೆಪಟ್ಟಿಗಳನ್ನು ಒಣಗಿದ ಸ್ಥಳದಲ್ಲಿ ಬೇರೆಯಾಗಿ ಇಡಬೇಕು. ವಾಣಿಜ್ಯ ಸಂಸ್ಥೆಗಳು ಸದಸ್ಯರ ಮೂಲಪ್ರತಿಗಳನ್ನು ಕೇಳದೆ, ಸ್ಕ್ಯಾನ್ ಮಾಡಿದ ಪ್ರತಿಗಳನ್ನಷ್ಟೇ ಸಂಗ್ರಹಿಸಿ ಊರಿಗೊಂದು ವಾಣಿಜ್ಯ ದಾಖಲೆಕೋಶ ರೂಪಿಸುವುದು ಸೂಕ್ತ.

ಸರಕಿನ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕ ಬಾಂಧವರು ಈ ಬಾರಿ ಅಟ್ಟದ ದಾಸ್ತಾನನ್ನೂ ಎಣಿಸಲಿ. ಲಕ್ಷ್ಮೀಪೂಜೆಯಂದು ಹೊಸ ಖಾತೆ ತೆರೆಯುವ ಕೈಗಳು ಹಳೆಯ ಖಾತೆಯನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಲಿ.