ಹಕ್ಕಿ ಕಾಣದ ನೆಲಕ್ಕೂ ಹಣ ಬೇಕು

ಚಳಿಗಾಲದಲ್ಲಿ ಐರ್ಲೆಂಡಿನ ಕಡಲತೀರದ ಕೆಸರುಬಯಲುಗಳಲ್ಲಿ ಉದ್ದನೆಯ ಬಾಗುಕೊಕ್ಕಿನ ಕರ್ಲ್ಯೂ ಹಕ್ಕಿ ಧಾರಾಳವಾಗಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಸ್ಕ್ಯಾಂಡಿನೇವಿಯಾ, ಫಿನ್ಲೆಂಡ್ ಕಡೆಯಿಂದ ಬಂದವು. ಇದೇ ಜಾತಿಯ ಹಕ್ಕಿ ನಮ್ಮ ಅಘನಾಶಿನಿ ಅಳಿವೆಗೂ ಬರುತ್ತದೆ. ಐರ್ಲೆಂಡಿನ ನೆಲದಲ್ಲೇ ಗೂಡು ಕಟ್ಟುವ ಕರ್ಲ್ಯೂಗಳ ಕಥೆ ಬೇರೆ. 1980ರ ದಶಕದ ಕೊನೆಗೆ ಅವು ಸುಮಾರು 5,000 ಜೋಡಿ ಇದ್ದವೆಂದು ಅಂದಾಜು. 2015ರಿಂದ 2017ರವರೆಗಿನ ಸಮೀಕ್ಷೆಯಲ್ಲಿ ಸಿಕ್ಕಿದ್ದು 138 ಜೋಡಿ, 2021ರ ಹೊತ್ತಿಗೆ 105. ಕರ್ಲ್ಯೂ ದೀರ್ಘಾಯುಷಿ, ಮೂವತ್ತು ವರ್ಷ ಬದುಕಿದ ದಾಖಲೆಗಳಿವೆ. ಹೀಗಾಗಿ ಒಂದು ಮರಿಯೂ ಬದುಕಿ ಉಳಿಯದ ಜೌಗಿಗೂ ಮುದಿ ಜೋಡಿಯೊಂದು ವರ್ಷವರ್ಷ ಬಂದು ಕೂಗುತ್ತಲೇ ಇರುತ್ತದೆ. ಒಂದು ವಸಂತದಲ್ಲಿ ಕೂಗು ಕೇಳುವುದಿಲ್ಲ. ಹಕ್ಕಿ ಸತ್ತಿತೋ, ಪಕ್ಕದ ಜೌಗಿಗೆ ಹೋಯಿತೋ, ಸಮೀಕ್ಷೆಗೆ ಬಂದವರ ಕಣ್ಣು ತಪ್ಪಿಸಿತೋ, ತಕ್ಷಣಕ್ಕೆ ಹೇಳಲಾಗದು. ಅಂಥ ಜಾಗಕ್ಕೆ ಸರ್ಕಾರದ ಹಣ ಹೋಗುತ್ತಲೇ ಇರಬೇಕೇ? ಇರಬೇಕು ಎಂಬುದು ನನ್ನ ವಾದ. ಆ ಹಣವನ್ನು ಹಕ್ಕಿ ಕಂಡಿತೇ ಎಂಬುದಕ್ಕೆ ಕಟ್ಟಿಹಾಕದೆ, ನೆಲ ಹೇಗಿದೆ ಎಂಬುದಕ್ಕೆ ಕಟ್ಟಬೇಕು.

ಈ ಹಕ್ಕಿ ಏಕೆ ಕುಸಿಯಿತು ಎಂಬುದರಲ್ಲಿ ಗೊಂದಲವಿಲ್ಲ. ಅದು ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಕಾವಿಗೆ ನಾಲ್ಕು ವಾರ, ಮರಿ ಹಾರಲು ಇನ್ನೂ ಐದು ವಾರ. ಅಷ್ಟು ದಿನ ಯಾರೂ ತುಳಿಯದ, ಕೊಯ್ಯದ, ಒದ್ದೆಯಾದ ಒರಟು ಹುಲ್ಲುನೆಲ ಬೇಕು. ಅಂಥ ನೆಲವನ್ನು ಪೀಟ್ ಎಂಬ ಉರುವಲಿಗಾಗಿ ಅಗೆದರು, ನೀರು ಬಸಿದು ರಸಮೇವಿನ ಹುಲ್ಲು ಬೆಳೆದರು, ಸಿಟ್ಕಾ ಸ್ಪ್ರೂಸ್ ಮರಗಳ ನೆಡುತೋಪು ಮಾಡಿದರು. ಉಳಿದ ತುಣುಕುಗಳಲ್ಲಿ ನರಿ ಮತ್ತು ಕಾಗೆಗಳಿಗೆ ಗೂಡು ಹುಡುಕುವುದು ಸುಲಭವಾಯಿತು. ಐರ್ಲೆಂಡಿನ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಇಲಾಖೆ 2017ರಲ್ಲಿ ಕರ್ಲ್ಯೂ ಸಂರಕ್ಷಣಾ ಕಾರ್ಯಕ್ರಮ ಆರಂಭಿಸಿತು. 2023ರಲ್ಲಿ ಕರ್ಲ್ಯೂ ಸೇರಿದಂತೆ ಜೌಗುನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ ಐದು ವರ್ಷದ 2.5 ಕೋಟಿ ಯೂರೊ ಯೋಜನೆ ಬಂತು. ದೇಶದ ಜನಸಂಖ್ಯೆ 50 ಲಕ್ಷ ದಾಟಿದೆ. ತಲೆಗೆ ವರ್ಷಕ್ಕೆ ಸುಮಾರು ಒಂದು ಯೂರೊ ಬಿತ್ತು. ಇದರಿಂದ ಆಸ್ಪತ್ರೆಗಳ ಹಣಕ್ಕೆ ಕತ್ತರಿ ಬೀಳುತ್ತದೆ ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆ ಇದೆ. ಇಲ್ಲದ ಹಕ್ಕಿಗೆ ಸುರಿಯುವ ಹಣ, ಇರುವ ಹಕ್ಕಿಯ ಪಾಲನ್ನು ಕಿತ್ತುಕೊಳ್ಳುತ್ತದೆ ಎಂಬುದು. ಅಮೆರಿಕದ ದಂತಕೊಕ್ಕಿನ ಮರಕುಟಿಗ ಇದಕ್ಕೆ ಸಾಕ್ಷಿ. ಅರ್ಕಾನ್ಸಾಸ್‌ನಲ್ಲಿ ಅದು ಕಂಡಿದೆ ಎಂದು 2005ರಲ್ಲಿ ಪ್ರಕಟವಾದ ಮೇಲೆ ಹುಡುಕಾಟಕ್ಕೆ ಹಣ ಹರಿಯಿತು, ಎಲ್ಲರೂ ಒಪ್ಪುವ ಪುರಾವೆ ಸಿಗಲಿಲ್ಲ. ಆದರೆ ಇದಕ್ಕೆ ವಿರುದ್ಧವಾದ ತಪ್ಪೂ ಇದೆ, ಮತ್ತು ಅದನ್ನು ತಿದ್ದಲಾಗದು. ಪಕ್ಷಿತಜ್ಞ ನೈಜೆಲ್ ಕಾಲರ್ 1998ರಲ್ಲಿ ಅದನ್ನು ‘ರೋಮಿಯೊ ತಪ್ಪು’ ಎಂದು ಕರೆದರು: ಜೀವವಿದ್ದಾಗಲೇ ಸತ್ತಿತೆಂದು ಕೈಬಿಡುವುದು. ಫಿಲಿಪ್ಪೀನ್ಸ್‌ನ ಸೆಬು ದ್ವೀಪದಲ್ಲಿ ಕಾಡೆಲ್ಲ ಹೋಯಿತು, ಜೊತೆಗೆ ಹೂಕುಟುಕ ಹಕ್ಕಿಯೂ ಹೋಯಿತು ಎಂದು ನಂಬಿ, ಉಳಿದಿದ್ದ ಕಾಡಿನ ಚೂರನ್ನು ಯಾರೂ ಗಮನಿಸಲಿಲ್ಲ. 1992ರಲ್ಲಿ ಆ ಹಕ್ಕಿ ಅಲ್ಲೇ ಸಿಕ್ಕಿತು. ನಮ್ಮ ನೆರೆಯ ಕಡಪದ ಕುರುಚಲು ಕಾಡಿನಲ್ಲಿ ಜೆರ್ಡನ್ಸ್ ಕೋರ್ಸರ್ ಎಂಟು ದಶಕಕ್ಕೂ ಹೆಚ್ಚು ಕಾಲ ಕಾಣೆಯಾಗಿದ್ದು 1986ರಲ್ಲಿ ಮತ್ತೆ ಕಂಡಿತು. ಅಷ್ಟರಲ್ಲಿ ಆ ಕುರುಚಲು ಉಳಿಯದೆ ಹೋಗಿದ್ದರೆ ಕಾಣಲು ಹಕ್ಕಿಯೇ ಇರುತ್ತಿರಲಿಲ್ಲ.

ಹಾಗಾದರೆ ಅಂತ್ಯವಿಲ್ಲದೆ ಖರ್ಚು ಮಾಡಬೇಕೇ? ಇಲ್ಲ. ಖರ್ಚಿನಲ್ಲಿ ಎರಡು ಬಗೆ. ಗೂಡಿನ ಸುತ್ತ ಬೇಲಿ, ನರಿ ನಿಯಂತ್ರಣ, ಮೊಟ್ಟೆ ತಂದು ಮರಿ ಸಾಕುವುದು, ಇವು ಹಕ್ಕಿಯಿದ್ದರೆ ಮಾತ್ರ ಸಾರ್ಥಕ. ಕೆಲವು ವರ್ಷ ಸರಿಯಾಗಿ ಹುಡುಕಿಯೂ ಏನೂ ಸಿಗದಿದ್ದರೆ ಅವನ್ನು ನಿಲ್ಲಿಸಬೇಕು. ಚರಂಡಿ ಮುಚ್ಚಿ ಜೌಗಿಗೆ ನೀರು ತುಂಬುವುದು, ತಡವಾಗಿ ಹುಲ್ಲು ಕೊಯ್ಯಲು ರೈತನಿಗೆ ಪರಿಹಾರ ಕೊಡುವುದು ಹಾಗಲ್ಲ. ಹಕ್ಕಿ ಬಾರದೆ ಹೋದರೂ ಆ ನೆಲ ಇಂಗಾಲವನ್ನು ಹಿಡಿದಿಡುತ್ತದೆ, ನೀರನ್ನು ತಡೆದಿಡುತ್ತದೆ, ಬೇರೆ ಜೀವಿಗಳಿಗೆ ಆಸರೆಯಾಗುತ್ತದೆ. ಆಫಲಿ ಕೌಂಟಿಯ ಬೂರಾ ಜೌಗು ಇದಕ್ಕೆ ಒಳ್ಳೆಯ ಪುರಾವೆ. ಪೀಟ್ ತೆಗೆದು ಬರಿದಾಗಿದ್ದ ಆ ನೆಲದಲ್ಲಿ ಬೂದು ಗೌಜಲಕ್ಕಿಗಾಗಿ ಹುಲ್ಲು, ಕಾಳು, ಹೂಗಿಡ ಬೆಳೆಸಿದರು, ಬೇಟೆಯಾಡುವ ಪ್ರಾಣಿಗಳನ್ನು ಹತೋಟಿಯಲ್ಲಿಟ್ಟರು. ಅದರ ಲಾಭ ಪಡೆದ ಇನ್ನೊಂದು ಹಕ್ಕಿ ಟಿಟ್ಟಿಭ.

ಹಣ ಕೊಟ್ಟ ಮಾತ್ರಕ್ಕೆ ಫಲ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಹೆನ್ ಹ್ಯಾರಿಯರ್ ಎಂಬ ಬೇಟೆಹಕ್ಕಿಗಾಗಿ ಐರ್ಲೆಂಡ್ ರೈತರಿಗೆ ನೆಲದ ಗುಣಮಟ್ಟ ನೋಡಿ ಹಣ ಕೊಟ್ಟಿತು. ಆದರೂ 2022ರ ಸಮೀಕ್ಷೆಯಲ್ಲಿ 85ರಿಂದ 106 ಜೋಡಿ ಮಾತ್ರ ಸಿಕ್ಕವು. 2015ಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಟೀಕಾಕಾರರು ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಆ ಹಕ್ಕಿಗೆಂದು ಗುರುತಿಸಿದ ಪ್ರದೇಶಗಳಲ್ಲಿ ಸುಮಾರು ಅರ್ಧ ಭಾಗವನ್ನು ನೆಡುತೋಪು ಆಗಲೇ ಆವರಿಸಿತ್ತು. ಯೋಜನೆ ತಲುಪಿದ್ದು ರೈತರ ಹುಲ್ಲುನೆಲವನ್ನು. ಮರ ಬೆಳೆಸುವ ನೀತಿ ತನ್ನ ಪಾಡಿಗೆ ನಡೆದಿತ್ತು. ಒಂದು ಇಲಾಖೆ ಉಳಿಸಲು ಕೊಟ್ಟ ಹಣವನ್ನು ಇನ್ನೊಂದು ಇಲಾಖೆಯ ಸಬ್ಸಿಡಿ ಅಳಿಸಿಹಾಕಿದರೆ ತಪ್ಪು ಉಳಿಸಲು ಹೊರಟವರದಲ್ಲ.

ಕನ್ನಡದ ಓದುಗರಿಗೆ ಇದು ದೂರದ ದ್ವೀಪದ ಸಂಗತಿಯಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯ ಘೋಷಿಸಿದ್ದು ಕೃಷ್ಣಮೃಗದ ಜೊತೆಗೆ ಎರ್ಲಡ್ಡುವಿಗಾಗಿಯೂ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪತ್ರಿಕೆಗಳು ಬರೆಯುವ ಹಕ್ಕಿ ಅದೇ. ಎರ್ಲಡ್ಡುವಿಗೆ ಬೇಕಿದ್ದದ್ದು ಬಯಲು. ಅಲ್ಲಿ ಎದ್ದದ್ದು ನೀಲಗಿರಿ ತೋಪು, ಅದೂ ಸರ್ಕಾರದ ಖರ್ಚಿನಲ್ಲೇ. ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ ಮಾತ್ರ ಅದರ ಮಾತು ಕೇಳುತ್ತದೆ, ಅದೂ ಬೆರಳೆಣಿಕೆಯಷ್ಟು. ಕಂಡಾಗ ಸುದ್ದಿ, ಕಾಣದಿದ್ದರೆ ಮೌನ, ಹೀಗೆ ನಡೆದರೆ ಆ ಎರೆಭೂಮಿಯ ಬಯಲು ಒಂದೊಂದೇ ತುಂಡಾಗಿ ಬೇರೆ ಬಳಕೆಗೆ ಹೋಗುತ್ತದೆ. ಅಲ್ಲಿನ ರೈತರೊಂದಿಗೆ ಕನಿಷ್ಠ ಹತ್ತು ವರ್ಷದ ಒಪ್ಪಂದ ಆಗಲಿ. ಬಯಲನ್ನು ಬಯಲಾಗಿಯೇ ಉಳಿಸಿದ್ದಕ್ಕೆ, ಹಕ್ಕಿಗೆ ಆಗುವ ಬೆಳೆ ಇಟ್ಟದ್ದಕ್ಕೆ, ವಿಷ ಸಿಂಪಡಿಸದೆ ಇದ್ದದ್ದಕ್ಕೆ ಎಕರೆ ಲೆಕ್ಕದಲ್ಲಿ ಹಣ ಸಿಗಲಿ. ಹಕ್ಕಿ ಕಂಡ ವರ್ಷ ಮಾತ್ರ ಪಾವತಿ ಎಂಬ ಷರತ್ತು ಬೇಡ. ಬಯಲು ಎಷ್ಟು ಉಳಿದಿದೆ, ಅದಕ್ಕೆ ಎಷ್ಟು ಖರ್ಚಾಗಿದೆ ಎಂಬ ವರದಿಯನ್ನು ಅರಣ್ಯ ಇಲಾಖೆ ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಲಿ.