ಟೈಲ್ಸಿನ ಬಣ್ಣ ಆಮೇಲೆ, ಮೊದಲು ಅಡಿಯ ಮಣ್ಣು ತೋರಿಸಿ

ಮನೆ ಕಟ್ಟುವಾಗ ಹೆಂಗಸರನ್ನು ಕೇಳುವ ಪ್ರಶ್ನೆ ಒಂದೇ: 'ಟೈಲ್ಸ್ ಯಾವ ಬಣ್ಣ ಬೇಕು?' ಅಷ್ಟು ಕೇಳಿಬಿಟ್ಟರೆ ನಮ್ಮ ಮಾತಿಗೆ ಬೆಲೆ ಕೊಟ್ಟಂತಾಯಿತು! ಅದರ ಅಡಿಗೆ ಏನು ತುಂಬಬೇಕೆಂಬುದನ್ನು ಮಾತ್ರ ಯಜಮಾನರೂ ಮೇಸ್ತ್ರಿಯೂ ಬೀದಿಯಲ್ಲಿ ನಿಂತು ಚಹಾ ಕುಡಿಯುತ್ತ ತೀರ್ಮಾನಿಸುತ್ತಾರೆ. ಇದಕ್ಕೆ ನನ್ನ ತಕರಾರಿದೆ. ನೆಲ ಕುಸಿದರೆ ಆ ತಗ್ಗುದಿಣ್ಣೆಯ ಮೇಲೆ ದಿನವೂ ಬಾಗಿ ಗುಡಿಸುವವರು, ಒರೆಸುವವರು ಯಾರು? ನೀವೇ ಹೇಳಿ.

ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಒಂದು ಹೊಲ ಕೆಂಪು ಮಸಾರಿಯಾದರೆ ಇನ್ನೊಂದು ಎರೆ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಎಷ್ಟು ಬದಲಾದರೂ ಕಾಲಡಿಯ ಮಣ್ಣು ಬದಲಾಗಲಿಲ್ಲ. ಎರೆಯ ಗುಣವನ್ನು ಒಕ್ಕಲುತನದ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಜೋಳಕ್ಕೆ, ಹತ್ತಿಗೆ, ಕಡಲೆಗೆ ಅದು ಬಂಗಾರ. ಮನೆಯ ನೆಲದಡಿಗೆ ಬಂದರೆ ಕಾಟ.

ಆದರೂ ಆಗುವುದೇನು? ಪಾಯ ತೋಡಿದ ಎರೆಮಣ್ಣು ಪಕ್ಕದಲ್ಲೇ ಗುಡ್ಡೆ ಬಿದ್ದಿರುತ್ತದೆ, ಪುಕ್ಕಟೆ. ಗರಸು ಬೇಕೆಂದರೆ ಟ್ರ್ಯಾಕ್ಟರ್ ಲೆಕ್ಕದಲ್ಲಿ ದುಡ್ಡು ಬಿಚ್ಚಬೇಕು. ನನ್ನ ತಂಗಿಯ ಮನೆ ಕಟ್ಟುವಾಗ ಎರೆಯನ್ನೇ ಒಳಗೆ ಎಳೆಯುತ್ತಿದ್ದರು. ಕೇಳಿದ್ದಕ್ಕೆ ಮೇಸ್ತ್ರಿ, "ಅಕ್ಕಾರ, ಒಳಗಿಂದು ಯಾರಿಗೆ ಕಾಣ್ತೈತ್ರಿ? ಮ್ಯಾಲೆ ಟೈಲ್ಸ್ ಬರ್ತಾವಲ್ಲ" ಎಂದ. ಎರಡನೇ ಮಳೆಗಾಲಕ್ಕೆ ಅಡುಗೆಮನೆಯ ಟೈಲ್ಸು ಎದ್ದು ನಿಂತಾಗ ಎಲ್ಲರಿಗೂ ಕಂಡಿತು. ಆಗ ಬೈಸಿಕೊಂಡದ್ದು ಟೈಲ್ಸು!

'ನಮ್ಮಜ್ಜನ ಕಾಲದಲ್ಲಿ ಈ ಗರಸು ಗಿರಸು ಎಲ್ಲಿತ್ತು? ಆಗ ನೆಲ ಬಿರಿಯುತ್ತಿತ್ತೇ?' ಎಂದು ಕೇಳುವ ಗಂಡಸರಿದ್ದಾರೆ. ಬಿರಿಯುತ್ತಿತ್ತು ಸ್ವಾಮಿ. ವಾರ ವಾರ ಅಜ್ಜಿ ಮಂಡಿಯೂರಿ ಬಿರುಕಿಗೆ ಮಣ್ಣು ಮೆತ್ತಿ, ಮೇಲೆ ಸಗಣಿ ಸಾರಿಸುತ್ತಿದ್ದಳು. ಅದಕ್ಕೇ ಅಜ್ಜನಿಗೆ ಕಾಣಲಿಲ್ಲ. ಮಾಳಿಗೆ ಮನೆಯ ನೆಲ ಗಟ್ಟಿಯಾಗಿದ್ದದ್ದು ಅಜ್ಜಿಯ ಅಂಗೈಯಿಂದ. ಆಮೇಲೆ ಬಂದ ಕಡಪಾ ಕಲ್ಲನ್ನಾದರೂ ಎಬ್ಬಿಸಿ ಮತ್ತೆ ಕೂಡಿಸಬಹುದಿತ್ತು. ವಿಟ್ರಿಫೈಡ್ ಟೈಲ್ಸಿನ ಬಿರುಕಿಗೆ ಸಗಣಿ ಸಾರಿಸಲಾದೀತೇ?

ಅಮೆರಿಕದ ಮರದ ಮನೆಗಳಲ್ಲೂ ಇಂಥದೇ ಜಗಳವಿದೆ. ಅಲ್ಲಿ ತೊಲೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾಣುವ ನೆಲವನ್ನು ಕೂಡಿಸುತ್ತಾರೆ. ಆ ಹಲಗೆ ಪ್ಲೈವುಡ್ಡೋ, ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ ಓಎಸ್‌ಬಿಯೋ ಎಂಬುದೇ ಜಗಳ. ಓಎಸ್‌ಬಿ ಅಗ್ಗ, ಆದರೆ ನೆನೆದರೆ ಅಂಚು ಉಬ್ಬುತ್ತದೆ, ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ. ಪ್ಲೈವುಡ್ ಬೇಗ ಒಣಗುತ್ತದೆ, ದುಡ್ಡು ಹೆಚ್ಚು. ಅಲ್ಲಿಯೂ ಉಳಿತಾಯದ ಆಸೆ ಹುಟ್ಟುವುದು ಕಣ್ಣಿಗೆ ಕಾಣದ ಪದರದಲ್ಲೇ.

ದುಡ್ಡಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಮುಂಬಾಗಿಲ ಕಮಾನಿಗೆ, ಹಾಲಿನ ಪಿಓಪಿ ಹೂವಿಗೆ ಇರುವ ದುಡ್ಡು ಗರಸಿಗೆ ಮಾತ್ರ ಇಲ್ಲವೇ?

ಹಾಗೆಂದು ಗರಸನ್ನು ಒಮ್ಮೆಗೇ ಎರಡಡಿ ಸುರಿದು ನೀರು ಬಿಟ್ಟರೂ ಆಗದು. ಆರಾರು ಅಂಗುಲದ ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಬೇಕು. ಅದಕ್ಕೂ ಮೊದಲು ಅಡಿಯ ಎರೆಯನ್ನು ಆದಷ್ಟು ಬಗೆದು ತೆಗೆಸಬೇಕು. ಮೇಲೆ ನಾಲ್ಕಂಗುಲ ಜಲ್ಲಿ ಕಾಂಕ್ರೀಟು, ಒಂದು ವಾರ ನೀರು, ಆಮೇಲೆ ಟೈಲ್ಸು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರ ಹರಿಯಬೇಕು. ಎರೆ ಉಬ್ಬುವುದು ನೀರಿನಿಂದಲೇ. ಹಳೆಯ ಮನೆ ಕೆಡವಿದ ಜಾಗವಾದರೆ, ಅಲ್ಲೆಲ್ಲಾದರೂ ಕಾಳು ತುಂಬುವ ಹಗೇವು ಇತ್ತೇ ಎಂದು ಓಣಿಯ ಮುದುಕಿಯರನ್ನು ಕೇಳಿ. ಸರಿಯಾಗಿ ಮುಚ್ಚದ ಹಗೇವಿನ ಮೇಲೆ ಯಾವ ನೆಲವೂ ನಿಲ್ಲದು.

ಗರಸು ಬರುವ ದಿನ ಅಡುಗೆ ಬೇಗ ಮುಗಿಸಿ ಹೋಗಿ ನಿಲ್ಲಿ. ಒಂದು ಹಿಡಿ ತೆಗೆದು ನೆನೆಸಿ ಹಿಸುಕಿ ನೋಡಿ. ಎರೆಯಾದರೆ ಜಿಗುಟಾಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಗರಸಾದರೆ ಕೈಗೆ ಹರಳು ಹರಳಾಗಿ ಸಿಗುತ್ತದೆ. ಜಿಗುಟಾಗಿದ್ದರೆ ಟ್ರ್ಯಾಕ್ಟರನ್ನು ಅಲ್ಲಿಂದಲೇ ವಾಪಸು ಕಳಿಸಿ.