ಮೊದಲ ಪಿಸ್ತೂಲು ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

ಮೊನ್ನೆ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ನನ್ನ ಭಾಮೈದ ಇದ್ದಕ್ಕಿದ್ದ ಹಾಗೆ ಕೇಳಿದ. "ಭಾವ, ನೀವು ರೇಂಜಿಗೆ ಹೋಗ್ತೀರಲ್ಲ, ಫಸ್ಟ್ ಗನ್ ಅಂತ ಯಾವುದು ತಗೋಬಹುದು? ಪ್ರಾಕ್ಟೀಸಿಗೂ ಆಗ್ಬೇಕು, ಮನೇಲಿ ಸೇಫ್ಟಿಗೂ ಇರ್ಬೇಕು."

ಅವನು ಇರೋದು ಬಿಟಿಎಂ ಲೇಔಟಿನ ಮೂರನೇ ಮಹಡಿಯಲ್ಲಿ. ಚಿಂತೆ ಅವನದ್ದಲ್ಲ, ಜೆ.ಪಿ. ನಗರದ ಹಳೇ ಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನದ್ದು. ಕಳೆದ ತಿಂಗಳು ಅವರ ಹಿಂದಿನ ಕ್ರಾಸಿನಲ್ಲಿ ಯಾರದೋ ಮನೆ ಬೀಗ ಒಡೆದಿದ್ದಾರೆ. ಅಲ್ಲಿಂದ ಶುರುವಾಗಿದೆ ಇವನ ಸಂಶೋಧನೆ. ಮೊಬೈಲ್ ತೆಗೆದು ತೋರಿಸಿದ.. ಅಮೆರಿಕದ ದಾಡಿಯವರೊಬ್ಬರು ಟೇಬಲ್ಲಿನ ಮೇಲೆ ಏಳೆಂಟು ಪಿಸ್ತೂಲು ಹರಡಿಕೊಂಡು ಗ್ಲಾಕ್ ಒಳ್ಳೇದೋ ಸಿಗ್ ಒಳ್ಳೇದೋ ಅಂತ ಪಾಠ ಮಾಡ್ತಾ ಇದ್ದರು.

ನಾನು ಹತ್ತು ವರ್ಷದಿಂದ ಶನಿವಾರ ಶನಿವಾರ ಏರ್ ಪಿಸ್ತೂಲು ಹೊಡೆಯುವವನು. ದೊಡ್ಡ ಶೂಟರ್ ಅಲ್ಲ, ಪದಕ ಗಿದಕ ಏನಿಲ್ಲ. ಆದರೆ ಈ ಪ್ರಶ್ನೆ ಮಾತ್ರ ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತೆ, ಪ್ರತಿ ಸಲವೂ ಇದೇ ಧಾಟಿಯಲ್ಲಿ. ಪ್ರಶ್ನೆಯೇ ತಪ್ಪು ಸ್ವಾಮಿ ಅಂತ ಹೇಳಿದರೆ ಯಾರಿಗೂ ಹಿಡಿಸಲ್ಲ. ಆದ್ದರಿಂದ ಈ ಸಲ ವಿವರವಾಗಿ ಜಗಳ ಆಡಿಬಿಡೋಣ ಅಂತ ಕೂತಿದ್ದೇನೆ.

ಮೊದಲು ಆ ವಿಡಿಯೋ ಪಕ್ಕಕ್ಕಿಡಿ. ಅದರಲ್ಲಿರೋದು ಬಹುತೇಕ 9 ಎಂ.ಎಂ. ಪಿಸ್ತೂಲುಗಳು. ನಮ್ಮಲ್ಲಿ ಸಾಮಾನ್ಯ ನಾಗರಿಕನಿಗೆ ಅದು ಸಿಗುವುದಿಲ್ಲ, ನಿಷೇಧಿತ ಬೋರ್. ವಿದೇಶಿ ಗನ್ ಹೊಸದಾಗಿ ತರಿಸೋಣ ಅಂದರೆ 1980ರ ದಶಕದ ಮಧ್ಯದಿಂದ ಆ ಬಾಗಿಲೂ ಮುಚ್ಚಿದೆ, ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ಸಂದು. ಹಾಗಾಗಿ ಅಜ್ಜನ ಕಾಲದ ವೆಬ್ಲಿಗಳನ್ನು ಜನ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ. ಉಳಿಯೋದು ಏನು? ಮುಖ್ಯವಾಗಿ ನಮ್ಮ ಆರ್ಡ್ನೆನ್ಸ್ ಫ್ಯಾಕ್ಟರಿಗಳ .32 ರಿವಾಲ್ವರು, .32ರ 'ಅಶನಿ' ಪಿಸ್ತೂಲು, .22ರ ಪುಟ್ಟ ರಿವಾಲ್ವರು. (ಹಳೇ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾಗಿ ಒಡೆದರು, ಗನ್ನುಗಳು ಕಾನ್ಪುರದ ಕಂಪನಿಯ ಪಾಲಿಗೆ ಬಂದವು.) ಅಂದರೆ ಮೊಬೈಲಿನಲ್ಲಿ ರಾತ್ರಿಯೆಲ್ಲ ಮಾಡಿದ ಹೋಲಿಕೆ ಪೂರಾ ದಂಡ!

2014ರ ಜನವರಿಯಲ್ಲಿ 'ನಿರ್ಭೀಕ್' ಬಂತು, ನೆನಪಿದೆಯಾ? ದಿಲ್ಲಿಯ ಆ ಹುಡುಗಿಯ ಹೆಸರನ್ನು ನೆನಪಿಸುವ ಹಾಗೆ ಹೆಸರಿಟ್ಟು, ಹೆಂಗಸರ ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುವ ರಿವಾಲ್ವರ್ ಅಂತ ಬಿಟ್ಟರು. ತೂಕ 500 ಗ್ರಾಂ, ಬೆಲೆ 1,22,360 ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಗಾರ್ಮೆಂಟ್ಸ್ ಹುಡುಗಿಗೆ ಒಂದು ಕಾಲು ಲಕ್ಷದ ರಿವಾಲ್ವರ್! ಬೀದಿ ದೀಪ ಹಾಕಿಸೋದು ಇದಕ್ಕಿಂತ ಅಗ್ಗ ಇತ್ತು ಅಂತ ನನಗೆ ಆಗಲೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ.

ಇರಲಿ. ಲೈಸೆನ್ಸಿಗೆ ಬರೋಣ. ಬೆಂಗಳೂರಿನಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್. 2016ರ ಆಯುಧ ನಿಯಮಗಳಲ್ಲಿ ದಾರಿ ಎರಡು. ಒಂದು, ನಿಮ್ಮ ಉದ್ಯೋಗದಿಂದಲೋ ಬೇರೆ ಕಾರಣದಿಂದಲೋ ಜೀವ, ಆಸ್ತಿ ಕಾಪಾಡಿಕೊಳ್ಳಲು ನಿಜವಾದ ಅಗತ್ಯ ಇದೆ ಅಂತ ತೋರಿಸಬೇಕು. "ಹಿಂದಿನ ಕ್ರಾಸಲ್ಲಿ ಕಳ್ಳತನ ಆಯ್ತು ಸಾರ್" ಅಂದರೆ ಸಾಲದು. ಇನ್ನೊಂದು, ಲೈಸೆನ್ಸ್ ಇರುವ ಶೂಟಿಂಗ್ ಕ್ಲಬ್ಬಿನಲ್ಲೋ ರೈಫಲ್ ಅಸೋಸಿಯೇಷನ್ನಿನಲ್ಲೋ ಎರಡು ವರ್ಷ ಸಕ್ರಿಯ ಸದಸ್ಯನಾಗಿದ್ದು, ಗುರಿ ಅಭ್ಯಾಸ ಮಾಡುವ ಕ್ರೀಡಾಪಟು ಆಗಿರಬೇಕು. ಗಮನಿಸಿ, ಕಾನೂನೇ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. "ಎರಡಕ್ಕೂ ಆಗೋ ಒಂದು ಗನ್" ಅನ್ನೋದು ನಮ್ಮ ಕಲ್ಪನೆ.

ಅದು ಬರೀ ಕಾಗದದ ವ್ಯತ್ಯಾಸವೂ ಅಲ್ಲ. ರೇಂಜಿನ ಪಿಸ್ತೂಲು ಉದ್ದ, ಹಿಡಿ ನಿಮ್ಮ ಅಂಗೈಗೆ ಕೆತ್ತಿದ್ದು, ಟ್ರಿಗರ್ ಉಸಿರು ಬಿಟ್ಟರೆ ಹಾರುವಷ್ಟು ಹಗುರ. ಅಂಥದ್ದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವವನು ಹುಚ್ಚ. ಇತ್ತ ಮೋಟು ನಳಿಕೆಯ .32 ರಿವಾಲ್ವರಿನ ಟ್ರಿಗರ್ ಬಿಗಿ, ನೋಟ ಇಷ್ಟಗಲ. ಅದನ್ನು ಹಿಡಿದು ಕಾಗದದ ಮೇಲೆ ಗುರಿ ಕಲಿಯುತ್ತೇನೆ ಅನ್ನೋದು ಲಾರಿಯಲ್ಲಿ ಕೂತು ಸೈಕಲ್ ಕಲಿತ ಹಾಗೆ.

ರೇಂಜಿಗೆ ಮೊದಲ ಹ್ಯಾಂಡ್‌ಗನ್ ಯಾವುದು ಅಂತ ಮಾತ್ರ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ, ಖುಷಿಯಿಂದ ಹೇಳುತ್ತೇನೆ. .177 ಬೋರಿನ, ಅಂದರೆ 4.5 ಎಂ.ಎಂ. ಪೆಲೆಟ್ ಹೊಡೆಯುವ ಏರ್ ಪಿಸ್ತೂಲು. ಬೋರ್ .177 ದಾಟದೆ, ಶಕ್ತಿ 20 ಜೌಲ್ ದಾಟದೆ ಇದ್ದರೆ ಲೈಸೆನ್ಸ್ ಬೇಡ. ಬಿಲ್ಲು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ತಕ್ಷಣ ಅಂಗಡಿಗೆ ಓಡಬೇಡಿ. ಮೊದಲ ಎರಡು ಮೂರು ತಿಂಗಳು ಕ್ಲಬ್ಬಿನ ಗನ್ನನ್ನೇ ಬಳಸಿ. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆ ಗಡಿಯಾರ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದರೆ ಗಡಿಯಾರ ಮಾಯವಾಗುತ್ತೋ ಅದೇ ನಿಮ್ಮ ಯಜಮಾನ ಕಣ್ಣು. ಅದು ಗೊತ್ತಿಲ್ಲದೆ ಬಲಗೈ ಹಿಡಿಯ ಗನ್ ಕೊಂಡು ವರ್ಷಗಟ್ಟಲೆ ಕುತ್ತಿಗೆ ತಿರುಚಿಕೊಂಡು ಹೊಡೆದವರನ್ನು ನೋಡಿದ್ದೇನೆ.

ಆಮೇಲೆ ಕೊಳ್ಳುವಾಗ ಗಾಳಿ ಸಿಲಿಂಡರಿನದನ್ನು ತಗೊಳ್ಳಿ. ಸ್ಪ್ರಿಂಗಿನದು ಅಗ್ಗ, ಆದರೆ ಪ್ರತಿ ಹೊಡೆತಕ್ಕೂ ಕೈಯಲ್ಲಿ ಕುಣಿಯುತ್ತೆ. ತಪ್ಪು ನಿಮ್ಮದೋ ಅದರದೋ ತಿಳಿಯೋದೇ ಇಲ್ಲ. ಗಾಳಿಯಿಲ್ಲದೆ ಬರೀ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ವ್ಯವಸ್ಥೆ ಇರಬೇಕು, ಯಾಕಂದರೆ ನಿಜವಾದ ಕಲಿಕೆ ನಡೆಯೋದು ಮನೆಯ ಬಿಳಿ ಗೋಡೆಯ ಮುಂದೆ, ಪೆಲೆಟ್ ಇಲ್ಲದೆ. ಹಿಡಿ ನಿಮ್ಮ ಕೈ ಅಳತೆಗೆ ಹೊಂದಬೇಕು. ಸ್ಪರ್ಧೆಯ ನಿಯಮದಂತೆ ತೂಕ ಒಂದೂವರೆ ಕಿಲೋ ದಾಟಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ಇರಬೇಕು. ಯುರೋಪಿನ ಮ್ಯಾಚ್ ಪಿಸ್ತೂಲುಗಳು ಲಕ್ಷ ದಾಟುತ್ತವೆ, ಮೊದಲ ವರ್ಷವೇ ಅದಕ್ಕೆ ಕೈ ಹಾಕುವ ಅವಸರ ಯಾಕೆ? ಮತ್ತೆ.. ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಆಟದ ಸಾಮಾನಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ.

ಹತ್ತು ಮೀಟರ್ ದೂರದಲ್ಲಿ 11.5 ಎಂ.ಎಂ. ಅಗಲದ ಹತ್ತರ ವೃತ್ತ. ಒಂದೇ ಕೈ ಚಾಚಿ ಅರವತ್ತು ಸಲ. ಗಂಡಸರು ಹೆಂಗಸರು ಇಬ್ಬರಿಗೂ ಅಷ್ಟೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಇದರಲ್ಲೇ ಕಂಚು ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೂ ಹೋದರು. ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದದ್ದೂ ಇದೇ ಹತ್ತು ಮೀಟರಿನಲ್ಲಿ. ಇದಕ್ಕಿಂತ ಒಳ್ಳೇ ಆಟ ಬೇಕಾ ನಿಮಗೆ?

ಇಷ್ಟು ಕೇಳಿದ ಮೇಲೆ ಭಾಮೈದ ಅಂದ, "ಅದು ಸರಿ ಭಾವ, ಆದ್ರೆ ಕಳ್ಳ ಬಂದ್ರೆ ಪೆಲೆಟ್ ಹೊಡೀಲಾ?"

ನನ್ನ ದೊಡ್ಡಪ್ಪನ ಹತ್ತಿರ ಲೈಸೆನ್ಸ್ ಇದ್ದ .32 ರಿವಾಲ್ವರ್ ಇತ್ತು. ಬನಶಂಕರಿ ಎರಡನೇ ಹಂತದಲ್ಲಿ ಮನೆ, ಮಂಡಿ ವ್ಯಾಪಾರ, ದಿನಾ ರಾತ್ರಿ ನಗದು ಹಿಡಿದು ಬರಬೇಕಿತ್ತು, ಅದಕ್ಕೆ ಸಿಕ್ಕಿತ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಬೀರುವಿನಿಂದ ಹೊರಗೆ ಬರೋದು. ಸ್ಪ್ಯಾನರ್, ತಕ್ಕಡಿ, ಸ್ಕೂಟರ್ ಕೀ ಜೊತೆಗೆ ಮಣೆ ಮೇಲೆ ಕೂತು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ. ಮಕ್ಕಳಾದ ನಾವು ಅದನ್ನೇ ನೋಡೋಕೆ ಹೋಗ್ತಿದ್ದೆವು, ಬೂದುಗುಂಬಳಕಾಯಿ ಒಡೆಯೋದು ನೆಪ.

2004ರ ಚುನಾವಣೆಯಲ್ಲಿ ಎಲ್ಲರ ಹಾಗೆ ಅವರೂ ಅದನ್ನು ಠಾಣೆಗೆ ಕೊಟ್ಟು ರಸೀತಿ ತಂದರು. ಅದೇ ವಾರ ಎಲ್ಲರೂ ತುಮಕೂರಿಗೆ ಮದುವೆಗೆ ಹೋದಾಗ ಮನೆಗೆ ಕಳ್ಳರು ನುಗ್ಗಿ ಬೆಳ್ಳಿ ಸಾಮಾನು, ಟೀವಿ ಹೊತ್ತುಕೊಂಡು ಹೋದರು. ರಿವಾಲ್ವರ್ ಠಾಣೆಯಲ್ಲಿ, ಮನೆಯವರು ಮದುವೆಯಲ್ಲಿ! 2018, 2019, 2023, 2024.. ಪ್ರತಿ ಚುನಾವಣೆಯಲ್ಲೂ ಈ ಠೇವಣಿ ಕಟ್ಟಳೆ ಬಂತು. ಕಳ್ಳನೂ ಸಾಮಾನ್ಯವಾಗಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನೇ ಕಾಯೋದು. ನೀವು ಮನೆಯಲ್ಲಿ ಇಲ್ಲದಾಗ ಗನ್ ನಿಮ್ಮನ್ನು ಕಾಯಲ್ಲ, ಅದೇ ಕಳ್ಳತನದ ಮಾಲಾಗುತ್ತೆ.

ನಗು ಬರುವ ಭಾಗ ಅಲ್ಲಿಗೆ ಮುಗೀತು. 2011ರಲ್ಲಿ ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದರು, ರಾತ್ರಿ ಅವರ ಹತ್ತಿರ ಇದ್ದು, ಎರಡು ಗಂಟೆ ಸುಮಾರಿಗೆ ನಾನು ದೊಡ್ಡಪ್ಪನ ಮನೆಗೆ ಮಲಗಲು ಬಂದೆ. ನನ್ನ ಹತ್ತಿರ ಬೀಗದ ಕೈ ಇತ್ತು. ಅವರಿಗೆ ಆಗ ಎಪ್ಪತ್ತೆಂಟು, ಮರೆವು ಶುರುವಾಗಿತ್ತು, ಸಂಜೆಯಾದರೆ "ಹಿತ್ತಲಲ್ಲಿ ಯಾರೋ ಓಡಾಡ್ತಿದಾರೆ" ಅನ್ನೋರು. ನಾವೆಲ್ಲ ಹೂಂಗುಟ್ಟಿ ಸುಮ್ಮನಾಗ್ತಿದ್ದೆವು. ರಿವಾಲ್ವರಿನ ಬಗ್ಗೆ ಯಾರಿಗೂ ಯೋಚನೆ ಬಂದಿರಲಿಲ್ಲ, ನನಗೂ.

ಬಾಗಿಲು ತೆಗೆದು ಚಪ್ಪಲಿ ಬಿಡುತ್ತಿದ್ದೆ. ಪ್ಯಾಸೇಜಿನ ಕತ್ತಲಲ್ಲಿ "ಯಾರದು" ಅಂದರು. "ನಾನು ದೊಡ್ಡಪ್ಪ" ಅಂದೆ. "ನಾನು ಅಂದ್ರೆ ಯಾರು?" ಹೆಸರು ಹೇಳಿದೆ, ಗುರುತು ಸಿಗಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕೈಯಲ್ಲಿ ಇದ್ದದ್ದು ಕಂಡಿತು. ಎರಡೂ ಕೈಯಲ್ಲಿ ಹಿಡಿದಿದ್ದರು, ಕೈ ನಡುಗುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ. ನನ್ನ ಎಡಗೈ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇತ್ತು. ಲೈಟ್ ಹಾಕಿದೆ. ನನ್ನ ಮುಖ ನೋಡಿ, "ಊಟ ಆಯ್ತೇನೋ" ಅಂದರು.

ಆರೂ ಗುಂಡು ತುಂಬಿತ್ತು. ಬೆಳಿಗ್ಗೆ ಅವರಿಗೆ ಏನೂ ನೆನಪಿರಲಿಲ್ಲ. ಆ ವಾರವೇ ಅಣ್ಣ ಹೋಗಿ ಅದನ್ನು ಠಾಣೆಗೆ ಕೊಟ್ಟು ಬಂದ, ಲೈಸೆನ್ಸನ್ನೂ ಒಪ್ಪಿಸಿದ.

ಈಗ ಬರುವ ಮಾತು ನನಗೆ ಗೊತ್ತು. "ಸರಿಯಾಗಿ ಬೀಗ ಹಾಕಿ ಇಟ್ಟಿದ್ದರೆ?" ಹೌದು ಸ್ವಾಮಿ, ನಿಯಮವೂ ಹಾಗೇ ಇದೆ, ಬೀಗದೊಳಗೇ ಇಡಬೇಕು. ಹಾಗಿದ್ದರೆ ಕಳ್ಳ ಒಳಗೆ ಬಂದ ಮೇಲೆ ಕನ್ನಡಕ ಹುಡುಕಿ, ಕೀ ಹುಡುಕಿ, ಬೀರು ತೆಗೆದು, ಗುಂಡು ತುಂಬಿ, ಕತ್ತಲಲ್ಲಿ ಅವನು ಕಳ್ಳನೋ ಸೊಸೆಯೋ ಅಂತ ತೀರ್ಮಾನಿಸಿ.. ಎಪ್ಪತ್ತು ದಾಟಿದ ಅತ್ತೆ ಮಾವ ಇದನ್ನೆಲ್ಲ ಮಾಡುತ್ತಾರಾ? ಕೈಗೆ ಸಿಗುವ ಹಾಗಿಟ್ಟರೆ ಮನೆಯವರಿಗೆ ಅಪಾಯ, ಬೀಗ ಹಾಕಿಟ್ಟರೆ ಕಳ್ಳನಿಗೆ ಅಪಾಯವಿಲ್ಲ. ಇದಕ್ಕೆ ಮಧ್ಯದ ದಾರಿ ತೋರಿಸಿದವರನ್ನು ನಾನಿನ್ನೂ ನೋಡಿಲ್ಲ.

"ಕೊಡಗಿನವರ ಮನೇಲಿ ಇಲ್ವಾ?" ಅನ್ನೋದು ಇನ್ನೊಂದು. ಇದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಕೈಲ್ ಪೊಳ್ದಿನಲ್ಲಿ ಪೂಜೆಗೊಳ್ಳುತ್ತೆ, ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇಡೀ ಕುಟುಂಬ, ಇಡೀ ಊರು ಅದರ ಜೊತೆ ಬೆಳೆದಿರುತ್ತೆ. ಅದನ್ನು ತಂದು, ಪಕ್ಕದ ಸೈಟಿನವರ ಹೆಸರೂ ಗೊತ್ತಿಲ್ಲದ ನಮ್ಮ ಮೂವತ್ತು ನಲವತ್ತರ ಸೈಟುಗಳಿಗೆ ಹೋಲಿಸೋದು ಹೇಗೆ? ಗೋಡೆಗೆ ಗೋಡೆ ಅಂಟಿದ ಮನೆ, ಗುರಿ ತಪ್ಪಿದ ಗುಂಡು ಯಾರ ಅಡುಗೆಮನೆಗೆ ಹೋಗುತ್ತೋ.

ಗಟ್ಟಿಯಾದ ವಾದ ಒಂದೇ: ಕೊಲೆಗಡುಕರಿಗೆ ಲೈಸೆನ್ಸ್ ಬೇಕಿಲ್ಲ, ಮರ್ಯಾದಸ್ಥನ ಕೈ ಮಾತ್ರ ಖಾಲಿ. ಇದನ್ನು ತಳ್ಳಿಹಾಕಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಎರಡೂ ಕಡೆ ಬಳಸಿದ್ದು ಒಂದೇ ನಾಡ ಪಿಸ್ತೂಲು, 7.65 ಎಂ.ಎಂ., ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಅವರ ಹತ್ತಿರ ಗನ್ ಇದ್ದಿದ್ದರೆ ಅಂತ ನಮ್ಮ ನೆಂಟರೊಬ್ಬರು ಅಂದಿದ್ದರು. ಏನಾಗುತ್ತಿತ್ತು? ಒಬ್ಬರು ಬಂದವರನ್ನು ಮಾತಾಡಿಸಲು ಬಾಗಿಲಿಗೆ ಬಂದವರು, ಇನ್ನೊಬ್ಬರು ಕೆಲಸ ಮುಗಿಸಿ ಮನೆಗೆ ಬಂದವರು. ಮೊದಲೇ ಹೊಂಚು ಹಾಕಿದವನಿಗೆ ಬೇಕಾದದ್ದು ಕೆಲವೇ ಕ್ಷಣ. ಆ ನಾಡ ಪಿಸ್ತೂಲು ಎಲ್ಲಿ ತಯಾರಾಯ್ತು, ಹೇಗೆ ಬಂತು ಅಂತ ಸರ್ಕಾರದ ಕುತ್ತಿಗೆ ಪಟ್ಟಿ ಹಿಡಿದು ಕೇಳೋಣ, ನಾನೂ ಬರ್ತೀನಿ. ನನ್ನ ಬೀರುವಿನ ರಿವಾಲ್ವರ್ ಅದಕ್ಕೆ ಉತ್ತರ ಅಲ್ಲ.

ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದೇ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅಂತ ಅಲ್ಲೇ ಬರೆದಿದೆ. ಓಡಿಹೋಗುತ್ತಿರುವ ಹುಡುಗನ ಬೆನ್ನಿಗೆ ಹೊಡೆದವನು ಉಳಿದ ಆಯಸ್ಸನ್ನು ಕೋರ್ಟಿನಲ್ಲಿ ಕಳೆಯಬೇಕಾದೀತು.

ಮತ್ತೆ ಅತ್ತೆ ಮಾವನಿಗೆ ಏನು ಮಾಡೋದು? ದರ್ಶಿನಿಯಿಂದ ನೇರ ಜೆ.ಪಿ. ನಗರಕ್ಕೇ ಹೋದೆವು. ಹಿತ್ತಲ ಬಾಗಿಲಿನ ಚಿಲಕ ಹದಿನೈದು ವರ್ಷದಿಂದ ಸಡಿಲ, ಮಾವನವರು ಅದಕ್ಕೆ ಪ್ಲಾಸ್ಟಿಕ್ ದಾರ ಕಟ್ಟಿದ್ದಾರೆ! ಹಿಂದುಗಡೆಯ ಬಲ್ಬ್ ಹೋಗಿ ದೀಪಾವಳಿಯೇ ಕಳೆದಿದೆ. ಕೆಲಸದವಳು ಬರೋ ಹೊತ್ತಿಗೆ ಮುಂಬಾಗಿಲು ತೆರೆದೇ ಇರುತ್ತೆ, ಗ್ರಿಲ್ ಬೀಗದ ಕೈ ತುಳಸಿ ಕಟ್ಟೆ ಮೇಲೆ. 112 ಅತ್ತೆಯ ಫೋನಿನಲ್ಲಿಲ್ಲ, ಪಕ್ಕದ ಮನೆಯವರ ನಂಬರೂ ಇಲ್ಲ. ಒಂದು ಕಾಲು ಲಕ್ಷದ ರಿವಾಲ್ವರ್ ನೋಡುತ್ತಿದ್ದ ಮಗ ಇದನ್ನೆಲ್ಲ ಮೊದಲ ಸಲ ನೋಡಿದ ಹಾಗೆ ನಿಂತಿದ್ದ.

ಸೋಮವಾರ ಬಡಗಿ ಬಂದು ಒಳಗಡೆ ಎರಡು ಅಡ್ಡ ಚಿಲಕ ಹಾಕಿ, ಯಾರಾದರೂ ಓಡಾಡಿದರೆ ತಾನೇ ಹತ್ತಿಕೊಳ್ಳುವ ಲೈಟನ್ನು ಎಲೆಕ್ಟ್ರಿಷಿಯನ್ ಕೂರಿಸಿ ಹೋದ. ಬೆಕ್ಕು ಬಂದರೂ ಹತ್ತುತ್ತೆ ಅಂತ ಮಾವನವರದ್ದು ದೂರು. ಭಾಮೈದನಿಗೆ ಶನಿವಾರ ಬೆಳಿಗ್ಗೆ ಏಳಕ್ಕೆ ರೇಂಜಿಗೆ ಬಾ ಅಂದಿದ್ದೇನೆ. ಗನ್ ಕ್ಲಬ್ಬಿನದು, ಪೆಲೆಟ್ ಡಬ್ಬಿ ಮಾತ್ರ ಅವನೇ ತರಬೇಕು.